ಧಕ್ಕೆಯಲ್ಲಿ ಕಾಣೆಯಾದ ತಮ್ಮ

ಬೆಳ್ಳಾರೆ ಪೇಟೆಯಲ್ಲಿ ಇಂದು ಮೀನಿನ ಬುಟ್ಟಿಗೆ ಹದ್ದೊಂದು ಎರಗಿದ್ದು ಕಂಡು ಮಂಗಳೂರಿನಲ್ಲಿ ಮೀನಿನ ದೋಣಿಗಳು ಬಂದು ನಿಲ್ಲುವ ಧಕ್ಕೆ ನೆನಪಾಯಿತು. ನನ್ನ ಪುಟ್ಟ ತಮ್ಮನಿಗೆ ಕಿವಿ ಕೇಳುತ್ತಿರಲಿಲ್ಲ. ಇನ್ನು ಕೇಳುವುದೂ ಇಲ್ಲವೆಂದು ಡಾಕ್ಟರು ಹೇಳಿದ ದಿನ, ಉಪ್ಪ ಉಮ್ಮನನ್ನೂ ಮಕ್ಕಳಾದ ನಮ್ಮನ್ನೂ ದೋಣಿ ತೋರಿಸಲು ಅಲ್ಲಿಗೆ ಕರೆದೊಯ್ದಿದ್ದರು. ಆ ಗದ್ದಲದಲ್ಲಿ ತಮ್ಮ ಕಾಣೆಯಾದ. ಉಮ್ಮ ಅವನ ಹೆಸರು ಕೂಗುತ್ತ ಹುಚ್ಚಿಯಂತೆ ಓಡಿದರು.

"ಕೂಗಿ ಎಂತ ಮಾಡುದು? ಅವನಿಗೆ ಕೇಳುದಿಲ್ಲ ಅಲ್ವಾ?" ಎಂದರು ಉಪ್ಪ.

"ಕೂಗದೆ ಮತ್ತೆಂತ ಮಾಡ್ಲಿ?"

ಹಕ್ಕಿಯೆಂದರೆ ಅವನಿಗೆ ಜೀವ. ನಾನು ಬೆಳ್ಳಕ್ಕಿಗಳಿದ್ದ ಕಡೆಗೆ ಓಡಿದೆ. ಬಲೆರಾಶಿಯ ಹಿಂದೆ, ನೀರಿನ ಅಂಚಿನಲ್ಲೇ ಕುಳಿತು ಅವುಗಳನ್ನು ನೋಡಿ ನಗುತ್ತಿದ್ದ. ಉಮ್ಮ ಅವನನ್ನು ಬಾಚಿ ತಬ್ಬಿ, ಕಿವಿಗೆ ಬಾಯಿಟ್ಟು ಮತ್ತೂ ಕೂಗುತ್ತಲೇ ಇದ್ದರು.

ಈಗ ತಮ್ಮನಿಗೊಂದು ಹೆಣ್ಣುಮಗು. ಉಮ್ಮ ಅದರ ಬೆನ್ನ ಹಿಂದೆ ನಿಂತು ಚಪ್ಪಾಳೆ ತಟ್ಟುತ್ತಾರೆ. ಮಗು ತಿರುಗಿ ನಕ್ಕರೂ ನಂಬಿಕೆ ಬಾರದೆ, ಮತ್ತೊಮ್ಮೆ ತಟ್ಟುತ್ತಾರೆ.