ಹಳದಿ ಪಟ್ಟೆಯ ಹಿಂದೆ ನಿಂತವರು

ಕಾಕಾ ಅವರ ಬೂಟಿನ ತುದಿಯಲ್ಲಿ ಕರಿ ತೊಗಲು ಸವೆದು ಒಳಗಿನ ಉಕ್ಕು ಹೊಳೆಯುತ್ತಿತ್ತು. ಕಾರ್ಖಾನೆಯ ಆ ಬೂಟನ್ನು ನಿವೃತ್ತರಾಗಿ ಹತ್ತು ವರ್ಷವಾದರೂ ಅವರು ಬಿಟ್ಟಿರಲಿಲ್ಲ. ಹಾಲು ತರಲೂ ಅದೇ, ಮದುವೆ ಊಟಕ್ಕೂ ಅದೇ.

ಮರಾಠಿ ನಾಡಿನ ಖಡಕಿಯಲ್ಲಿ ಅವರ ಮನೆಯ ಮಹಡಿಯಲ್ಲಿ ನಾನು ಬಾಡಿಗೆಗಿದ್ದೆ. ಮೈಸೂರಿನವನು ನಾನು, ಕೆಲಸ ಖರಾಡಿಯ ಆಫೀಸೊಂದರಲ್ಲಿ. ಜನ ರಸ್ತೆ ದಾಟುವಲ್ಲಿ ಕ್ಯಾಮೆರಾ, ಸೆನ್ಸಾರ್ ಕೂರಿಸಿ, ಯಾರಾದರೂ ಕಾದು ನಿಂತರೆ ಸಿಗ್ನಲ್ ತಾನಾಗಿ ಬದಲಾಗುವಂತೆ ಮಾಡುತ್ತಿದ್ದೆವು. ಕಾಕಾ ವಿಜಯಪುರದ ಕಡೆಯವರು. "ತಮ್ಮಾ, ನಿನ್ನ ಕನ್ನಡದಾಗ ಖಾರನ ಇಲ್ಲ ನೋಡು" ಎಂದು ಕಾಡಿಸುತ್ತಲೇ ರೊಟ್ಟಿ, ಶೇಂಗಾ ಹಿಂಡಿ ಕಳಿಸುತ್ತಿದ್ದರು.

ಅವರ ಹೆಂಡತಿ, ನಮ್ಮ ಕಾಕುಗೆ ಲಕ್ವಾ ಹೊಡೆದು ಒಂದು ಕಾಲಿನಲ್ಲಿ ಶಕ್ತಿ ಇರಲಿಲ್ಲ. ದಿನಾ ಹನ್ನೊಂದಕ್ಕೆ ವಾಕರ್ ಹಿಡಿಸಿ, ಕಾಲಿನ ವ್ಯಾಯಾಮಕ್ಕೆಂದು ರಸ್ತೆಯಾಚೆಯ ದವಾಖಾನೆಗೆ ಅವರನ್ನು ಕರೆದೊಯ್ಯುವುದು ಕಾಕಾ ಕೆಲಸ. ಅಂಗೈ ಎತ್ತಿ, ನಿಲ್ಲಿರೆಂದು ಮರಾಠಿಯಲ್ಲಿ "ಥಾಂಬಾ, ಥಾಂಬಾ!" ಎನ್ನುತ್ತ ಸ್ಕೂಟರುಗಳ ನಡುವೆ ದಾರಿ ಬಿಡಿಸುತ್ತಿದ್ದರು.

ಆ ಜಾಗಕ್ಕೂ ನಮ್ಮ ಸಿಗ್ನಲ್, ಕ್ಯಾಮೆರಾ ಬಂದವು. ಕಾಯುವವರು ನಿಲ್ಲಲೆಂದು ಫುಟ್‌ಪಾತಿನ ಅಂಚಿನಲ್ಲಿ ಹಳದಿ ಪಟ್ಟೆಗಳ ಚೌಕ ಬರೆಸಿದೆವು. ಮೂರು ತಿಂಗಳು ಕ್ಯಾಮೆರಾ ಎಣಿಸಿದರೆ ಅಲ್ಲಿ ನಿಂತವರು ದಿನಕ್ಕೆ ಬೆರಳೆಣಿಕೆಯಷ್ಟು ಜನ. ದಾಟಲೆಂದು ಡಿವೈಡರಿನಲ್ಲಿ ಬಿಟ್ಟಿದ್ದ ದಾರಿಯನ್ನು ಮುಚ್ಚಿಬಿಡಬಹುದು ಎಂದು ವರದಿ ಬರೆದ ಜಾಣ ನಾನೇ. ಆ ಬೆರಳೆಣಿಕೆಯಲ್ಲಿ ಕಾಕಾ, ಕಾಕು ಸೇರಿದ್ದಾರೆಂದೇ ತಿಳಿದಿದ್ದೆ.

ವರದಿ ಕಳಿಸುವ ಮುನ್ನ, ಒಂದು ಶನಿವಾರ, ಅಳುಕುತ್ತಲೇ ಕಾಕಾಗೆ ಹೇಳಿದೆ. ಅವರು ಸಿಟ್ಟಾಗಲಿಲ್ಲ. ಬೂಟಿನ ಲಾಡಿ ಕಟ್ಟುತ್ತ, "ಮುಂದಿನ ಸಿಗ್ನಲ್ ತನಕ ಇಕಿ ನಡ್ಯಾಕ ಆಗಂಗಿಲ್ಲ ತಮ್ಮಾ. ದವಾಖಾನಿ ಬಿಟ್ರ ಹಾಸಿಗಿ ಹಿಡೀತಾಳ" ಎಂದರು. ಆಮೇಲೆ ಎದ್ದು, "ಬಾ, ನಿನ್ನ ಕ್ಯಾಮೆರಾ ಏನ್ ನೋಡ್ತದ ನೋಡೂಣು."

ಹೋದೆವು. ಹಳದಿ ಚೌಕದಿಂದ ಒಂದು ಗೇಣು ಹಿಂದೆ ಕಾಕಾ ಬೂಟು ಜೋಡಿಸಿ ನಿಂತರು, ಪಕ್ಕದಲ್ಲಿ ಕಾಕು. ತರಕಾರಿ ಚೀಲದವರೊಬ್ಬರು ಬಂದರು, ಅವರೂ ಹಿಂದೆಯೇ. ಏಳೆಂಟು ಜನ ಸೇರಿದರೂ ಚೌಕ ಖಾಲಿ, ಸಿಗ್ನಲ್ ಬದಲಾಗಲೊಲ್ಲದು.

"ಅಯ್ಯೋ ಕಾಕಾ, ಒಳಗೆ ನಿಂತ್ಕೊಳ್ಳಿ! ಅಲ್ಲಿ ನಿಂತ್ರೆ ತಾನೇ ಅದಕ್ಕೆ ಕಾಣೋದು!" ಎಂದು ರೇಗಿದೆ.

ಕಾಕಾ ನನಗೆ ತಲೆ ಕೆಟ್ಟಿದೆಯೇನೋ ಎಂಬಂತೆ ನೋಡಿದರು. "ಹಳದಿ ಪಟ್ಟಿ ಮ್ಯಾಲ ನಿಂದ್ರೂದಾ? ಕಾರ್ಖಾನಿಯೊಳಗ ಮ್ಯಾಲ ಕ್ರೇನ್ ಓಡಾಡ್ತದ, ಅದರ ಕೆಳಗ ಇಂಥಾವ ಪಟ್ಟಿ ಹೊಡದಿರ್ತಾರ. ಅಲ್ಲಿ ನಿಂತು ನನ್ನ ಗೆಳೆಯಾ ಕಾಲು ಕಳಕೊಂಡ. ಆವತ್ತಿನಿಂದ ಎಲ್ಲಾರ್ಗೂ ಬೈದು ಬೈದು ನನ್ನ ಗಂಟಲ ಹರದದ."

ಚೀಲದವರು ತಲೆಯಾಡಿಸಿದರು. ಅಲ್ಲಿದ್ದವರೆಲ್ಲ ಕಾರ್ಖಾನೆಯವರು, ಇಲ್ಲವೇ ಅವರ ಮನೆಯವರು. ಆ ಬೀದಿಯಲ್ಲಿ ಮಕ್ಕಳೂ ಹಳದಿ ಪಟ್ಟೆ ತುಳಿಯುವುದಿಲ್ಲವಂತೆ. ಎದುರಿಗೇ ನಿಂತಿದ್ದ ಇಷ್ಟು ಜನರನ್ನು ನಾನು ಇಲ್ಲವೆಂದು ಬರೆದಿದ್ದೆ.

ವರದಿ ಅಳಿಸಿ ಹೊಸದು ಬರೆದೆ: ದಾರಿ ಮುಚ್ಚಬಾರದು, ಹಳದಿ ತೆಗೆದು ಬಿಳಿ ಹೆಜ್ಜೆಗುರುತು ಹಾಕಬೇಕು. ಆಫೀಸಿನಲ್ಲಿ ನಕ್ಕರು, ನಾನು ಜಗ್ಗಲಿಲ್ಲ. ಇವತ್ತಿಗೂ ಎಲ್ಲಿ ಕ್ಯಾಮೆರಾ ಹಾಕುವುದಿದ್ದರೂ ಮೊದಲು ಒಂದು ಬೆಳಿಗ್ಗೆ ಹೋಗಿ, ಜನರ ಜೊತೆ ಸುಮ್ಮನೆ ನಿಂತು ಬರುತ್ತೇನೆ. ಈ ಕೆಲಸ ನನಗೆ ಕಲಿಸಿದವರು ಕಾಕಾ.

ಒಪ್ಪಿಗೆ ಬರುವುದು ತಡವಾಯಿತು. ಮಳೆಗಾಲ ಮುಗಿಯುವ ಹೊತ್ತಿಗೆ, ಒಂದು ಬೆಳಿಗ್ಗೆ ಬೂಟಿನ ಲಾಡಿ ಕಟ್ಟಲು ಕೂತ ಕಾಕಾ ಮತ್ತೆ ಏಳಲಿಲ್ಲ. ಒಂದು ಬೂಟು ಕಟ್ಟಿಯಾಗಿತ್ತು.

ಬಿಳಿ ಹೆಜ್ಜೆಗಳು ಬಂದದ್ದು ಅವರ ತಿಂಗಳ ತಿಥಿ ಕಳೆದ ಮೇಲೆ. ದವಾಖಾನೆ ಬೇಡವೇ ಬೇಡ ಎಂದು ಹಟ ಹಿಡಿದಿದ್ದ ಕಾಕುವನ್ನು, ರಜೆ ಹಾಕಿ ನಾನೇ ಕರೆದೊಯ್ದೆ.

"ಇಲ್ಲಿ ನಿಂದ್ರಬೇಕೇನು?" ಎಂದು ಕೇಳಿ, ಒಂದು ಜೊತೆ ಹೆಜ್ಜೆಯ ಮೇಲೆ ನಿಂತರು. ಸ್ವಲ್ಪ ಹೊತ್ತಿಗೆ ಹಸಿರು ಬಂತು. ಬಸ್ಸು, ರಿಕ್ಷಾ ಎಲ್ಲವೂ ನಿಂತವು. ಆದರೂ ಕಾಕು ವಾಕರಿನಿಂದ ಒಂದು ಕೈ ಬಿಡಿಸಿ, ಅಂಗೈ ಎತ್ತಿ, ನಿಂತಿದ್ದ ಗಾಡಿಗಳಿಗೆ ಮೆಲ್ಲಗೆ "ಥಾಂಬಾ" ಎಂದರು.