ಹನ್ನೊಂದನೆಯ ಸ್ಥಾನದ ತಂಡ

ನಫೀಸ ಜೀವಮಾನದಲ್ಲಿ ಒಮ್ಮೆಯೂ ಫುಟ್‌ಬಾಲ್ ಆಡಿದವಳಲ್ಲ. ಆದರೂ ದುಬೈಯ ಹನ್ನೆರಡು ಕಾಲೇಜು ತಂಡಗಳಲ್ಲಿ ಯಾವುದು ಮೊದಲು, ಯಾವುದು ಕೊನೆ ಎಂಬ ಪಟ್ಟಿ ಪ್ರತಿ ಸೋಮವಾರ ಹೊರಡುತ್ತಿದ್ದದ್ದು ಅವಳ ಮೇಜಿನಿಂದ. ಅಂತರ ಕಾಲೇಜು ಕ್ರೀಡಾ ಸಮಿತಿಯ ಕಚೇರಿಯಲ್ಲಿ ಅವಳು ಗುಮಾಸ್ತೆ. ಭಟ್ಕಳದಿಂದ ಮದುವೆಯಾಗಿ ಬಂದವಳು ಒಂಬತ್ತು ವರ್ಷ ಬರ್ ದುಬೈಯ ಫ್ಲ್ಯಾಟಿನಲ್ಲಿ ಮಗಳನ್ನು ಬೆಳೆಸುತ್ತ ಕಳೆದಿದ್ದಳು. ಆಮೇಲೆ, ಹತ್ತು ವರ್ಷದ ಹಿಂದೆ, ಈ ಕೆಲಸ ಸಿಕ್ಕಿದ್ದು ಬಿ.ಕಾಂ.ನಲ್ಲಿ ಬಂದಿದ್ದ ಏಳನೆಯ ರ‍್ಯಾಂಕಿನಿಂದ. ಅರ್ಜಿಯ ಆ ಒಂದು ಸಾಲು ನೋಡಿಯೇ ಸಂದರ್ಶನದಲ್ಲಿ ತಲೆಯಾಡಿಸಿದ್ದರು. ಹಾಗಾಗಿ ಇಂಥ ಪಟ್ಟಿಗಳ ಮೇಲೆ ಅವಳಿಗೆ ಭರವಸೆಯಿತ್ತು.

ಪಟ್ಟಿ ಮಾಡುವ ಕ್ರಮ ಸರಳ. ಯಾರ ಜೊತೆ ಆಡಬೇಕೆಂದು ಕಾಲೇಜುಗಳೇ ಮಾತಾಡಿಕೊಂಡು ಪಂದ್ಯ ಇಟ್ಟುಕೊಳ್ಳುತ್ತಿದ್ದವು. ವಾರಕ್ಕೊಮ್ಮೆ ಕೋಚ್‌ಗಳೆಲ್ಲ ತಮ್ಮ ತಂಡವನ್ನು ಬಿಟ್ಟು ಉಳಿದವುಗಳಿಗೆ ಸ್ಥಾನ ಕೊಟ್ಟು ಕಳಿಸಿದರೆ ನಫೀಸ ಕೂಡಿಸಿ ಹಾಕುತ್ತಿದ್ದಳು. ಮಾರ್ಚಿನ ಕೊನೆಗೆ ಮೊದಲ ಎಂಟರಲ್ಲಿದ್ದವರಿಗೆ ಕಪ್ ಪಂದ್ಯಗಳು.

ಜನವರಿಯ ಒಂದು ಸೋಮವಾರ ಮಾರ್ಸೆಲ್ ಕಚೇರಿಗೆ ಬಂದ. ಅಲ್ ಕೂಜ್‌ನ ಗೋದಾಮುಗಳ ನಡುವಿನ ಚಿಕ್ಕ ಕಾಲೇಜಿನ ಕೋಚ್, ಉಡುಪಿ ಕಡೆಯವನು.

"ನಫೀಸಕ್ಕ, ಆರು ಪಂದ್ಯ ಆಡಿದ್ದೇವೆ. ಒಂದೂ ಸೋತದ್ದಿಲ್ಲ. ಮತ್ತೆ ಹನ್ನೊಂದನೇ ಸ್ಥಾನ ಎಂತಕ್ಕೆ?"

"ಓಟು ಹಾಗೆ ಬಿದ್ದಿದೆ ಮಾರ್ಸೆಲ್. ಆರೂ ಪಂದ್ಯ ಕೆಳಗಿನ ಎರಡೇ ತಂಡಗಳ ಜೊತೆ. ದೊಡ್ಡ ತಂಡದ ಜೊತೆ ನೀವು ಆಡಲೇ ಇಲ್ಲವಲ್ಲ."

"ಕೇಳದೆ ಬಿಟ್ಟಿದ್ದೇನಾ? ಹನ್ನೊಂದನೇ ಸ್ಥಾನದವರ ಜೊತೆ ಆಡಿ ನಮಗೆಂತ ಸಿಗ್ತದೆ ಅಂತಾರೆ."

ಅವನು ಹೋದ ಮೇಲೆ ನಫೀಸ ಹಳೆಯ ಮೇಲ್‌ಗಳನ್ನು ತೆಗೆದು ಕೂತಳು. ಒಬ್ಬ ಕೋಚ್ ಅಕ್ಟೋಬರಿನಿಂದಲೂ ಅದೇ ಪಟ್ಟಿಯನ್ನು, ಒಂದಕ್ಷರ ಬದಲಿಸದೆ, ವಾರವಾರವೂ ಕಳಿಸಿದ್ದ. ಅಂದರೆ ಇಷ್ಟು ದಿನ ಅವಳು ಕೂಡಿಸುತ್ತಿದ್ದದ್ದು ಆಟವನ್ನಲ್ಲ, ಕಾಲೇಜುಗಳ ಹೆಸರನ್ನು.

ಶನಿವಾರ ಸಂಜೆ ಮಗಳು ಇನಾಯಾಳನ್ನು ಕರೆದುಕೊಂಡು ಅಲ್ ಕೂಜ್‌ಗೆ ಹೋದಳು. "ಮಮ್ಮಿ, ಇಟ್ಸ್ ಜಸ್ಟ್ ಅ ಲಿಸ್ಟ್," ಎನ್ನುತ್ತಲೇ ಇನಾಯಾ ಕಾರು ಓಡಿಸಿದಳು. ಮೈದಾನದ ಸಿಮೆಂಟು ಮೆಟ್ಟಿಲ ಮೇಲೆ ಇವರಿಬ್ಬರನ್ನು ಬಿಟ್ಟರೆ ಏಳೆಂಟು ಜನ. ಮಾರ್ಸೆಲ್‌ನ ಹುಡುಗರು ಒಬ್ಬರನ್ನೊಬ್ಬರು ಹೆಸರು ಹಿಡಿದು ಕೂಗುತ್ತ, ಚೆಂಡು ಕಳೆದುಕೊಂಡವನೇ ಹಿಂದೆ ಓಡಿ ಅದನ್ನು ಕಿತ್ತುಕೊಂಡು ಬರುತ್ತ ಆಡಿದರು. ಕೊನೆಯ ಸ್ಥಾನದ ತಂಡವನ್ನು ನಾಲ್ಕು-ಒಂದರಿಂದ ಸೋಲಿಸಿದರು. ಅವರು ಐದನೆಯವರೋ ಹತ್ತನೆಯವರೋ ನಫೀಸಳಿಗೆ ತಿಳಿಯಲಿಲ್ಲ. ತಿಳಿಯುವಂತೆ ಮಾಡಬಲ್ಲ ಎದುರಾಳಿ ಅಲ್ಲಿರಲಿಲ್ಲ.

ಆಟ ಮುಗಿದ ಮೇಲೆ ಅವಳು ಮಾರ್ಸೆಲ್‌ಗೆ ಹೇಳಿದಳು: "ಈ ಪಟ್ಟಿಯೇ ಬೇಡ ಅಂತ ಸಮಿತಿಗೆ ಬರೆಯಬೇಕು ಅಂತಿದ್ದೇನೆ."

ಅವನು ಖುಷಿಪಡಲಿಲ್ಲ. "ಹಾಗೆ ಮಾಡಬೇಡಿ ಅಕ್ಕ. ಸೋಮವಾರ ನಮ್ಮ ಹುಡುಗರು ಮೊದಲು ನೋಡುವುದೇ ಅದನ್ನು. ಬೈತಾರೆ, ಆಮೇಲೆ ಪ್ರಾಕ್ಟೀಸಿಗೆ ಬರ್ತಾರೆ. ಪಟ್ಟಿ ಹೋದರೆ ನಾವು ಇದ್ದೇವೆ ಅಂತಲೇ ಯಾರಿಗೂ ಗೊತ್ತಾಗ್ಲಿಕ್ಕಿಲ್ಲ."

ಎರಡು ದಿನ ಆ ಮಾತು ಅವಳ ತಲೆಯಲ್ಲೇ ಇತ್ತು. ಕೊನೆಗೆ ಸಮಿತಿಗೆ ಪತ್ರ ಬರೆದಳು. ಪಟ್ಟಿ ಇರಲಿ, ಆದರೆ ಆಟ ನೋಡದ ತಂಡಕ್ಕೆ ಯಾರೂ ಸ್ಥಾನ ಕೊಡಬಾರದು. ಆ ಜಾಗ ಖಾಲಿ ಬಿಡಲಿ. ಇದನ್ನು ಬೇಡವೆನ್ನಲು ಕಾರಣ ಸಿಗದೆ ಸಮಿತಿ ಒಪ್ಪಿಕೊಂಡಿತು.

ಮುಂದಿನ ಸೋಮವಾರ ಅಲ್ ಕೂಜ್ ತಂಡಕ್ಕೆ ಬಂದದ್ದು ಎರಡೇ ಓಟು. ಸಮಿತಿಯ ಅಧ್ಯಕ್ಷರು ಅವಳ ಮೇಜಿನ ಬಳಿ ಬಂದು ನಿಂತರು.

"ಇದೇನು ಮೇಡಂ, ಹೀಗೇ ಕಳಿಸ್ತೀರಾ?"

"ಹೌದು ಸರ್. ಅವರ ಎದುರು 'ಇನ್ನೂ ನೋಡಿಲ್ಲ' ಅಂತ ಹಾಕಿದ್ದೇನೆ. ನಿಜ ಅದೇ ಅಲ್ವಾ?"

ಪಟ್ಟಿ ಹಾಗೆಯೇ ಹೋಯಿತು. ಹನ್ನೆರಡು ಕಾಲೇಜಿನವರೂ ಅದನ್ನು ಓದಿದರು. ಆ ಎರಡು ಪದ ಕೋಚ್‌ಗಳಿಗೆ ಮುಜುಗರ ತಂದಿತೋ ಏನೋ, ವಾರದೊಳಗೆ ಪಂದ್ಯ ಆಡೋಣವೆಂದು ಮಾರ್ಸೆಲ್‌ಗೆ ಮೂರು ಫೋನ್ ಬಂದವು.

ಮೂರನೆಯ ಸ್ಥಾನದ ತಂಡದೆದುರು ಅವನ ಹುಡುಗರು ಎರಡು-ಸೊನ್ನೆಯಿಂದ ಸೋತರು. ಆರನೆಯದರೊಡನೆ ಸಮ ಮಾಡಿಕೊಂಡರು. ಏಳನೆಯದನ್ನು ಸೋಲಿಸಿದರು. ಮಾರ್ಚಿನ ಕೊನೆಯ ಪಟ್ಟಿಯಲ್ಲಿ ಅವರು ಒಂಬತ್ತನೆಯವರು. ಒಂದೇ ಸ್ಥಾನದಿಂದ ಕಪ್ ತಪ್ಪಿತು.

ನಫೀಸ ಮೂರು ಸಲ ಕೂಡಿಸಿ ನೋಡಿದಳು. ಒಂಬತ್ತು ಒಂಬತ್ತಾಗಿಯೇ ಉಳಿಯಿತು. ತಾನೇ ಅವರನ್ನು ಸೋಲಿಸಿದ ಹಾಗೆ ಅನಿಸಿ, ಮೇಲ್ ಕಳಿಸುವ ಮೊದಲು ಮಾರ್ಸೆಲ್‌ಗೆ ಫೋನ್ ಮಾಡಿದಳು.

ವಿಷಯ ಕೇಳಿ ಅವನೆಂದ: "ಬೇಜಾರುಂಟು ಅಕ್ಕ, ಇಲ್ಲ ಅನ್ನುವುದಿಲ್ಲ. ಆದ್ರೆ ಇದು ಆಡಿ ಬಂದ ಒಂಬತ್ತು. ಹುಡುಗರಿಗೂ ಅದು ಗೊತ್ತುಂಟು." ಆಮೇಲೆ, ಮೂರನೆಯ ಸ್ಥಾನದವರು ಸೆಪ್ಟೆಂಬರಿನಲ್ಲಿ ಮತ್ತೆ ಆಡುತ್ತಾರಂತೆ, ಮೈದಾನ ಯಾವ ಶನಿವಾರ ಖಾಲಿ ಇದೆ ಎಂದು ಕೇಳಿದ.

ನಫೀಸ ಮೈದಾನಗಳ ಪಟ್ಟಿ ತೆರೆದು ತಾರೀಕು ಹುಡುಕತೊಡಗಿದಳು.