ಕೂಸು ಅತ್ತ ಮೇಲೆ

ನನ್ನ ನಿವೃತ್ತಿಗೆ ಇನ್ನೆರಡು ವರ್ಷವಿತ್ತು. ಸಿಂಧನೂರು ತಾಲ್ಲೂಕಿನ ಕಾಲುವೆ ಬದಿಯ ಹಳ್ಳಿಯೊಂದರ ಆರೋಗ್ಯ ಕೇಂದ್ರದಲ್ಲಿ ನಾನು ಹಿರಿಯ ಸ್ಟಾಫ್ ನರ್ಸ್. ಬೇಸಿಗೆ ಭತ್ತದ ಕಟಾವು ನಡೆದಿತ್ತು. ಒಂದು ಮಧ್ಯಾಹ್ನ ರಜಿಯಾ ಎಂಬ ಹುಡುಗಿಯನ್ನು ಅವಳ ಅತ್ತೆ ಆಟೋದಲ್ಲಿ ಕರೆತಂದರು. ಚೊಚ್ಚಲ ಹೆರಿಗೆ. ಕರೆಂಟ್ ಹೋಗಿ ಕೋಣೆ ಕಾದ ಒಲೆಯಂತಾಗಿತ್ತು.

ಕೂಸು ಹುಟ್ಟಿತು, ಅಳಲಿಲ್ಲ. ಮೈ ನೀಲಿಗಟ್ಟಿ, ಕೈಕಾಲು ಜೋತುಬಿದ್ದಿದ್ದವು. ಪಕ್ಕದ ಮೇಜಿಗೆ ಒಯ್ದೆವು. ಡಾಕ್ಟರು ಆಂಬು ಬ್ಯಾಗ್, ಅಂದರೆ ಮುಖಕ್ಕೆ ಮಾಸ್ಕ್ ಇಟ್ಟು ಉಸಿರು ತುಂಬುವ ರಬ್ಬರ್ ಚೀಲ, ಒತ್ತತೊಡಗಿದರು. ನಾನು ಎದೆಬಡಿತ ನೋಡುತ್ತಿದ್ದೆ. ಕಿರಿಯ ನರ್ಸ್ ರಜಿಯಾಳ ಮಾಸು ತೆಗೆದು, ಇಂಜೆಕ್ಷನ್ ಕೊಟ್ಟು ನಮ್ಮತ್ತ ಓಡಿಬಂದಳು. ಸಾಮಾನು ತರಲು ಎರಡು ಮೇಜಿನ ನಡುವೆ ಓಡಾಡುತ್ತಲೇ ಇದ್ದಳು.

ಕೊನೆಗೂ ಕೂಸು ಕಿರುಚಿ ಅತ್ತಿತು. ನಾವೆಲ್ಲ ನಕ್ಕೆವು.

"ಸಿಸ್ಟರ್, ಫ್ಯಾನ್ ಬಂದ್ ಮಾಡ್ರೀ. ಥಂಡಿ ಹತ್ತಾಕತ್ತೈತಿ," ಎಂದಳು ರಜಿಯಾ.

"ಕರೆಂಟೇ ಇಲ್ಲವ್ವಾ, ಫ್ಯಾನ್ ಎಲ್ಲಿ ತಿರುಗಾಕತ್ತೈತಿ?" ಎಂದೆ, ಕೂಸಿನಿಂದ ಕಣ್ಣು ತೆಗೆಯದೆ. ಆಗ ನನ್ನ ಮಾತು ನನ್ನ ಕಿವಿಗೇ ಬಿತ್ತು. ನಾವು ಬೆವರಿನಲ್ಲಿ ತೊಯ್ದಿದ್ದೆವು. ಇವಳಿಗೆ ಚಳಿ?

ತಿರುಗಿ ನೋಡಿದೆ. ಅವಳ ಕೆಳಗಿನ ರಬ್ಬರ್ ಹಾಳೆ ತುಂಬಿ ರಕ್ತ ನೆಲಕ್ಕಿಳಿದಿತ್ತು. ಕಿರಿಯಳು ಅದನ್ನೇ ತುಳಿದು ಓಡಾಡಿದ್ದಳು. ಕೆಂಪು ಹೆಜ್ಜೆಗಳು ನನ್ನ ಕಾಲಬುಡದವರೆಗೂ ಬಂದಿದ್ದವು. ಅವಳೂ ಕಂಡಿರಲಿಲ್ಲ, ನಾವೂ ಕಂಡಿರಲಿಲ್ಲ.

ಬಿಗಿಯಾಗಬೇಕಿದ್ದ ಗರ್ಭಕೋಶ ಕೈಗೆ ಮೆತ್ತಗೆ ಹತ್ತಿತು. ಹೊಟ್ಟೆಯ ಮೇಲಿಂದ ಒತ್ತಿ ತಿಕ್ಕತೊಡಗಿದೆ. ಡಾಕ್ಟರು ಸಲೈನ್ ಹಚ್ಚಿದರು, ಔಷಧಿ ಏರಿಸಿದರು. ರಕ್ತ ಕಡಿಮೆಯಾಯಿತು, ನಿಲ್ಲಲಿಲ್ಲ. ಆಂಬ್ಯುಲೆನ್ಸ್‌ನಲ್ಲಿ ಸಿಂಧನೂರಿಗೆ ಹೊರಟೆವು. ಭತ್ತದ ಟ್ರ್ಯಾಕ್ಟರುಗಳು ದಾರಿ ಬಿಡವು, ಡ್ರೈವರ್ ಹಾರ್ನ್ ಬಿಡನು. ಹೊಟ್ಟೆ ಒತ್ತಿ ಹಿಡಿದಿದ್ದ ನನ್ನ ಕೈ ಮರಗಟ್ಟಿದರೂ ತೆಗೆಯಲು ಧೈರ್ಯವಿಲ್ಲ. ಅತ್ತೆ ಕೂಸನ್ನು ನನ್ನತ್ತ ಹಿಡಿದು, "ನೋಡ್ರೀ ಸಿಸ್ಟರ್, ಹೆಂಗ ಕಣ್ಣು ಬಿಟ್ಟಾನ!" ಎಂದರು.

"ಆಮ್ಯಾಲ ನೋಡ್ತೀನ್ರೀ. ನೀವು ಸೊಸಿನ್ನ ಮಾತಾಡಸ್ರಿ, ನಿದ್ದಿ ಮಾಡಾಕ ಬಿಡಬ್ಯಾಡ್ರಿ."

ದೊಡ್ಡ ಆಸ್ಪತ್ರೆಯಲ್ಲಿ ರಕ್ತಸ್ರಾವ ನಿಲ್ಲಿಸಿ, ರಕ್ತ ಕೊಟ್ಟರು. ಸಂಜೆ ರಜಿಯಾ ಚಹಾ ಕೇಳಿದಾಗಲೇ ನಾನು ಕೂತದ್ದು.

ಮರುದಿನದಿಂದ ನಮ್ಮ ಹೆರಿಗೆ ಕೋಣೆಯಲ್ಲಿ ಒಂದು ನಿಯಮವಾಯಿತು: ಏನೇ ಆಗಲಿ, ಒಬ್ಬರು ತಾಯಿಯ ಪಕ್ಕ ಬಿಟ್ಟು ಕದಲಬಾರದು, ಕೂಸಿನತ್ತ ತಿರುಗಲೂಬಾರದು. ನಿವೃತ್ತಿಯವರೆಗೆ ಹೆಚ್ಚಾಗಿ ಅಲ್ಲಿ ನಾನೇ ನಿಂತೆ. ಆಮೇಲೆ ಹುಟ್ಟಿದ ಎಷ್ಟೋ ಕೂಸುಗಳ ಮುಖ ನಾನು ಕಂಡಿಲ್ಲ. ಅವುಗಳ ಅಳು ಕೇಳಿದಾಗ ತಾಯಂದಿರ ಮುಖ ಹೇಗಾಗುತ್ತದೆಂದು ಮಾತ್ರ ಚೆನ್ನಾಗಿ ಬಲ್ಲೆ.